ತೀವ್ರ ನಿಗಾ ಘಟಕದ ನರ್ಸ್‌ಗಳ ತರಬೇತಿ ಅಗತ್ಯ: ಪರ್ಷಿಯನ್ ಪ್ರಶ್ನಾವಳಿಯೊಂದರ ಸಿಂಧುತ್ವ ಪರೀಕ್ಷೆಗೆ ಸಮಗ್ರ ಮಾರ್ಗದರ್ಶಿ

ಇರಾನಿನ ಆಸ್ಪತ್ರೆಗಳಲ್ಲಿ ನರ್ಸ್‌ಗಳ ಸೇವಾನಿರತ ತರಬೇತಿಯ ಹೊಣೆ ಹೊತ್ತ ಹಿರಿಯ ನರ್ಸ್ ಒಬ್ಬರಿರುತ್ತಾರೆ. ಅವರನ್ನು ಅಲ್ಲಿ ‘ಸೂಪರ್‌ವೈಜರ್-ಎ ಆಮೂಜೆಶಿ’, ಅಂದರೆ ಶಿಕ್ಷಣ ಮೇಲ್ವಿಚಾರಕರು, ಎನ್ನುತ್ತಾರೆ. ಮುಂದಿನ ವರ್ಷ ಯಾವ ವಿಷಯಗಳಲ್ಲಿ ತರಗತಿ ನಡೆಸಬೇಕೆಂದು ತೀರ್ಮಾನಿಸಲು ಅವರು ತೀವ್ರ ನಿಗಾ ಘಟಕದ ನರ್ಸ್‌ಗಳ ಕೈಗೆ ಒಂದು ಪಟ್ಟಿ ಕೊಟ್ಟು, ವೆಂಟಿಲೇಟರ್ ನಿರ್ವಹಣೆಯಲ್ಲಿ ತರಬೇತಿ ಬೇಕೇ, ಇಸಿಜಿ ಓದುವುದರಲ್ಲಿ ಬೇಕೇ ಎಂದು ಕೇಳಿದರೆ, ಹೆಚ್ಚಿನವರು ಹೆಚ್ಚಿನದಕ್ಕೆ ‘ಬೇಕು’ ಎಂದೇ ಗುರುತು ಹಾಕುತ್ತಾರೆ. ಆ ‘ಬೇಕು’ ಎಂಬ ಒಂದು ಗುರುತಿನ ಹಿಂದೆ ಹಲವು ಅರ್ಥಗಳಿರಬಹುದು: ಕೆಲಸ ಬಾರದು ಎಂಬುದು ಒಂದು, ಬರುತ್ತದೆ, ಆದರೆ ಹೊಸ ಯಂತ್ರ ಬಂದಿದೆ ಎಂಬುದು ಇನ್ನೊಂದು, ತರಬೇತಿಯ ಗಂಟೆಗಳು ಲೆಕ್ಕಕ್ಕೆ ಸಿಗುತ್ತವೆ ಎಂಬುದು ಮಗದೊಂದು, ಬೇಡವೆಂದರೆ ಅಹಂಕಾರವೆಂದು ತೋರೀತು ಎಂಬ ಸಂಕೋಚವೂ ಇದ್ದೀತು. ಇವುಗಳನ್ನು ಬೇರ್ಪಡಿಸಿ ನಿಜವಾದ ಅಗತ್ಯವನ್ನಷ್ಟೇ ಹಿಡಿಯುವ ಸಾಮರ್ಥ್ಯ ಪ್ರಶ್ನಾವಳಿಗಿದೆಯೇ ಎಂದು ಸಾಕ್ಷ್ಯಸಹಿತ ತೋರಿಸುವ ಕೆಲಸವೇ ಸಿಂಧುತ್ವ ಪರೀಕ್ಷೆ.

ಈ ಕೆಲಸದಲ್ಲಿ ಅಂಕಿಅಂಶಗಳ ಪಾಲು ದೊಡ್ಡದೆಂದು ಹಲವರು ಭಾವಿಸುತ್ತಾರೆ. ನನ್ನ ಖಚಿತ ಅಭಿಪ್ರಾಯವೆಂದರೆ, ಪ್ರಶ್ನಾವಳಿಯ ಭವಿಷ್ಯ ನಿರ್ಧಾರವಾಗುವುದು ಕಂಪ್ಯೂಟರನ್ನು ತೆರೆಯುವುದಕ್ಕೆ ಎಷ್ಟೋ ಮೊದಲು, ಪ್ರಶ್ನೆಯ ಮಾತು ನರ್ಸಿನ ಕಿವಿಗೆ ಹೇಗೆ ಬೀಳುತ್ತದೆ ಎಂಬಲ್ಲಿ. ಆದುದರಿಂದ ಈ ಬರಹದಲ್ಲಿ ಭಾಷೆ ಮತ್ತು ಅರ್ಥದ ಹಂತಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲ ಹಂತ: ಅಳೆಯಬೇಕಾದದ್ದನ್ನು ಬರೆದಿಟ್ಟುಕೊಳ್ಳಿ

ಒಂದು ಪುಟದಲ್ಲಿ, ಸಾಮಾನ್ಯ ಮಾತಿನಲ್ಲಿ, ‘ತರಬೇತಿ ಅಗತ್ಯ’ ಎಂದರೆ ನಿಮ್ಮ ಅಧ್ಯಯನದಲ್ಲಿ ಏನು ಎಂದು ಬರೆಯಿರಿ. ಹೆಚ್ಚು ಒಪ್ಪಿಗೆಯಾಗಿರುವ ವ್ಯಾಖ್ಯೆಯ ಪ್ರಕಾರ ಅಗತ್ಯವೆಂದರೆ ಒಂದು ಅಂತರ: ಕೆಲಸಕ್ಕೆ ಬೇಕಾದ ಮಟ್ಟಕ್ಕೂ ಈಗಿರುವ ಮಟ್ಟಕ್ಕೂ ನಡುವಿನ ದೂರ. ಬ್ರಿಟನ್ನಿನಲ್ಲಿ 1990ರ ದಶಕದಲ್ಲಿ ರೂಪುಗೊಂಡ ಹೆನ್ನೆಸಿ-ಹಿಕ್ಸ್ ತರಬೇತಿ ಅಗತ್ಯ ಪ್ರಶ್ನಾವಳಿ ಈ ವ್ಯಾಖ್ಯೆಯ ಮೇಲೆ ನಿಂತಿದೆ. ಅದರ 30 ಪ್ರಶ್ನೆಗಳಲ್ಲಿ ಪ್ರತಿಯೊಂದಕ್ಕೂ ನರ್ಸ್ ಎರಡು ಬಾರಿ, 1ರಿಂದ 7ರವರೆಗಿನ ಮಾಪಕದಲ್ಲಿ, ಅಂಕ ಕೊಡುತ್ತಾರೆ. ಈ ಕೆಲಸ ನನ್ನ ಉದ್ಯೋಗಕ್ಕೆ ಎಷ್ಟು ಮುಖ್ಯ ಎಂಬುದಕ್ಕೆ ಒಂದು, ನಾನು ಅದನ್ನು ಈಗ ಎಷ್ಟು ಚೆನ್ನಾಗಿ ಮಾಡುತ್ತೇನೆ ಎಂಬುದಕ್ಕೆ ಇನ್ನೊಂದು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದೇ ಅಗತ್ಯ. ‘ಬೇಕೇ ಬೇಡವೇ’ ಎಂದು ನೇರವಾಗಿ ಕೇಳುವುದಕ್ಕಿಂತ ಈ ಕ್ರಮ ಎಷ್ಟೋ ಮೇಲು, ಏಕೆಂದರೆ ಇಲ್ಲಿ ನರ್ಸ್ ತಾನು ಹಿಂದುಳಿದಿದ್ದೇನೆಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಇದೇ ಪುಟದಲ್ಲಿ ಇನ್ನೊಂದು ನಿರ್ಧಾರವನ್ನೂ ಬರೆದಿಡಬೇಕು. ರಕ್ತದ ಅನಿಲ ಪರೀಕ್ಷೆಯ ವರದಿ ಓದಲು ಬಾರದ ನರ್ಸಿಗೆ ರೋಗಿಯ ಮನೆಯವರೊಡನೆ ಮಾತನಾಡುವ ಕಲೆ ಚೆನ್ನಾಗಿಯೇ ಇರಬಹುದು. ಅಂದಮೇಲೆ ಈ ಎರಡು ಅಗತ್ಯಗಳು ಒಟ್ಟೊಟ್ಟಿಗೆ ಏರಿಳಿಯಬೇಕೆಂಬ ನಿಯಮವಿಲ್ಲ. ಪ್ರಶ್ನೆಗಳೆಲ್ಲ ಒಂದೇ ಒಳಗುಣದ ಪ್ರತಿಬಿಂಬಗಳೋ, ಅಥವಾ ಬಿಡಿಬಿಡಿ ಕೌಶಲಗಳು ಕೂಡಿ ಒಂದು ಪಟ್ಟಿಯಾಗಿವೆಯೋ? ಮೊದಲನೆಯದಾದರೆ ಮುಂದೆ ಬರುವ ಫ್ಯಾಕ್ಟರ್ ವಿಶ್ಲೇಷಣೆಗೂ (ಒಟ್ಟಿಗೆ ಏರಿಳಿಯುವ ಪ್ರಶ್ನೆಗಳನ್ನು ‘ಫ್ಯಾಕ್ಟರ್’ ಎಂಬ ಗುಂಪುಗಳಾಗಿ ಕಾಣುವ ಲೆಕ್ಕ) ಕ್ರೋನ್‌ಬ್ಯಾಕ್ ಆಲ್ಫಾಗೂ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) ಅರ್ಥವಿದೆ. ಎರಡನೆಯದಾದರೆ ಅವೆರಡೂ ದಾರಿ ತಪ್ಪಿಸುತ್ತವೆ, ಆಗ ವಿಷಯದ ಸಿಂಧುತ್ವವೇ, ಅಂದರೆ ಬೇಕಾದ ಕೌಶಲಗಳೆಲ್ಲ ಪ್ರಶ್ನೆಗಳಲ್ಲಿ ಬಂದಿವೆಯೇ ಎಂಬುದೇ, ಮುಖ್ಯ ಆಧಾರವಾಗುತ್ತದೆ. ಈ ವಿಷಯವನ್ನು ಯೋಚಿಸದೆಯೇ ವಿಶ್ಲೇಷಣೆಗಿಳಿಯುವುದು ಇಂಥ ಅಧ್ಯಯನಗಳ ಅತಿ ದೊಡ್ಡ ದೌರ್ಬಲ್ಯ. ಮುಖ್ಯತೆಯ ಅಂಕಗಳಲ್ಲಿ ಮತ್ತು ಸ್ವಸಾಮರ್ಥ್ಯದ ಅಂಕಗಳಲ್ಲಿ ಪ್ರತ್ಯೇಕವಾಗಿ ಫ್ಯಾಕ್ಟರ್ ರಚನೆಯನ್ನು ಹುಡುಕಬಹುದು. ಅಂತರದ ಅಂಕವನ್ನು ಪ್ರತಿ ಕೌಶಲಕ್ಕೂ ಬಿಡಿಯಾಗಿಯೇ ಓದುವುದು ಕ್ಷೇಮ.

ಎರಡನೆಯ ಹಂತ: ಅನುವಾದವೋ, ಹೊಸ ರಚನೆಯೋ

ಹೊರಗಿನ ಪ್ರಶ್ನಾವಳಿಯನ್ನು ತರುವುದಾದರೆ ಮೂಲಕರ್ತೃಗಳ ಲಿಖಿತ ಅನುಮತಿ ಮೊದಲು ಬೇಕು. ಆದರೆ ಅನುವಾದವೊಂದೇ ಸಾಲದ ಸಂದರ್ಭಗಳಿವೆ. ಇರಾನಿನ ಸಂಸತ್ತು 2000ನೇ ಇಸವಿಯಲ್ಲಿ ಮಿದುಳು ಸಾವು ಮತ್ತು ಅಂಗಾಂಗ ಕಸಿ ಕುರಿತ ಕಾಯಿದೆಯನ್ನು ಅಂಗೀಕರಿಸಿತು. ಮಿದುಳು ಸಾವಿನ ಲಕ್ಷಣಗಳನ್ನು ಹಾಸಿಗೆಯ ಪಕ್ಕದಲ್ಲಿ ಮೊದಲು ಗಮನಿಸುವವರು ತೀವ್ರ ನಿಗಾ ಘಟಕದ ನರ್ಸ್‌ಗಳು. ಅಂಗದಾನದ ಮಾತು ಕುಟುಂಬದವರೊಡನೆ ಆರಂಭವಾಗುವ ವೇಳೆಯಲ್ಲಿ ಪಕ್ಕದಲ್ಲಿರುವವರೂ ಅವರೇ. ಸಾಮಾನ್ಯ ನರ್ಸಿಂಗ್‌ಗೆಂದು ಹೊರದೇಶದಲ್ಲಿ ಬರೆದ ಪ್ರಶ್ನಾವಳಿಯಲ್ಲಿ ಈ ಕೌಶಲ ಇಲ್ಲದೇ ಹೋಗಬಹುದು. ಹಾಗೆಯೇ ವೆಂಟಿಲೇಟರಿನ ಎಚ್ಚರಿಕೆ ಗಂಟೆಗಳ ಅರ್ಥ, ಮಾತನಾಡಲಾಗದ ರೋಗಿಯ ನೋವಿನ ಅಳತೆ, ಚಿತ್ತಭ್ರಮೆಯ ಪತ್ತೆ, ಇನ್‌ಫ್ಯೂಷನ್ ಪಂಪಿನ ಔಷಧ ಲೆಕ್ಕ, ವೆಂಟಿಲೇಟರಿನಿಂದ ಬರುವ ನ್ಯುಮೋನಿಯಾದ ತಡೆ, ಒತ್ತಡದ ಹುಣ್ಣುಗಳ ಆರೈಕೆ ಇವೆಲ್ಲ ಈ ಘಟಕಕ್ಕೇ ವಿಶೇಷವಾದವು.

ಆದ್ದರಿಂದ ಎರಡು ದಾರಿಗಳನ್ನು ಕೂಡಿಸುವುದು ಒಳ್ಳೆಯದು. ಹೊರಗಿನ ಪ್ರಶ್ನಾವಳಿಯ ಚೌಕಟ್ಟನ್ನು, ಅಂದರೆ ಎರಡು ಅಂಕಗಳ ಕ್ರಮವನ್ನು, ಇಟ್ಟುಕೊಂಡು, ಪ್ರಶ್ನೆಗಳನ್ನು ಸ್ಥಳೀಯ ನರ್ಸ್‌ಗಳ ಸಂದರ್ಶನದಿಂದ ಹೊಸದಾಗಿ ಕಟ್ಟಬಹುದು. ಸಂದರ್ಶನದಲ್ಲಿ ‘ನಿಮಗೆ ಯಾವ ತರಬೇತಿ ಬೇಕು’ ಎಂದು ಕೇಳಬೇಡಿ. ‘ಕಳೆದ ತಿಂಗಳ ರಾತ್ರಿ ಪಾಳಿಯಲ್ಲಿ ನಿಮ್ಮ ಕೈ ತಡೆದು ನಿಂತ ಒಂದು ಸಂದರ್ಭ ಹೇಳಿ’ ಎಂದು ಕೇಳಿ. ಹೊಸ ಪದವೀಧರರು, ಹತ್ತು ವರ್ಷ ದಾಟಿದವರು, ‘ಸರ್‌ಪರಸ್ತಾರ್’ ಎಂದು ಕರೆಯುವ ವಾರ್ಡಿನ ಮುಖ್ಯಸ್ಥರು, ಹೃದ್ರೋಗ ಘಟಕದವರು, ಶಸ್ತ್ರಚಿಕಿತ್ಸೆಯ ನಂತರದ ಘಟಕದವರು ಎಲ್ಲರೂ ಇರಲಿ. ಹೊಸ ಸಂಗತಿ ಬರುವುದು ನಿಲ್ಲುವವರೆಗೆ ಸಂದರ್ಶನ ಮುಂದುವರಿಯಬೇಕು. ಕೊನೆಗೆ ಉಳಿಯಬೇಕಾದ ಪ್ರಶ್ನೆಗಳ ಸುಮಾರು ಎರಡರಷ್ಟನ್ನು ಮೊದಲ ಕರಡಿನಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಹಂತಗಳಲ್ಲಿ ಕಳೆದುಹೋಗುವುದಕ್ಕೆ ಹೆದರಬೇಕಾಗುವುದಿಲ್ಲ.

ಮೂರನೆಯ ಹಂತ: ಪರ್ಷಿಯನ್ ಭಾಷೆಗೆ ತರುವುದು

ಅನುವಾದಕ್ಕೆ ಒಪ್ಪಿತವಾದ ಕ್ರಮವಿದೆ. ಪರ್ಷಿಯನ್ ಮಾತೃಭಾಷೆಯ ಇಬ್ಬರು ಬೇರೆಬೇರೆಯಾಗಿ ಅನುವಾದಿಸುತ್ತಾರೆ. ಒಬ್ಬರಿಗೆ ತೀವ್ರ ನಿಗಾದ ಕೆಲಸ ಗೊತ್ತಿರಬೇಕು, ಇನ್ನೊಬ್ಬರಿಗೆ ಗೊತ್ತಿರಬಾರದು. ಎರಡನ್ನೂ ಕೂಡಿಸಿ ಒಂದು ಪಾಠ ಮಾಡಿ, ಮೂಲವನ್ನು ನೋಡಿರದ ಇನ್ನಿಬ್ಬರಿಂದ ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಮೂಲದೊಂದಿಗೆ ಹೋಲಿಸಲಾಗುತ್ತದೆ. ಈ ಮರು ಅನುವಾದದ ಕ್ರಮವನ್ನು ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವಿವರಿಸಿದರು. 2000ದಲ್ಲಿ ಬೀಟನ್ ಮತ್ತು ಸಂಗಡಿಗರು ತಜ್ಞರ ಸಮಿತಿ ಮತ್ತು ಪೂರ್ವಪರೀಕ್ಷೆಗಳನ್ನು ಸೇರಿಸಿಕೊಂಡ ಮಾರ್ಗಸೂಚಿಯನ್ನು ಪ್ರಕಟಿಸಿದರು. ಆದರೆ ಮರು ಅನುವಾದವು ಮೂಲಕ್ಕೆ ಹೊಂದಿತೆಂದ ಮಾತ್ರಕ್ಕೆ ಪರ್ಷಿಯನ್ ವಾಕ್ಯ ಸಹಜವಾಗಿದೆ ಎಂದು ತಿಳಿಯಬಾರದು. ಪದಕ್ಕೆ ಪದ ಇಟ್ಟ ಒರಟು ಅನುವಾದವೇ ಬಹಳ ಸುಲಭವಾಗಿ ಮೂಲಕ್ಕೆ ಹಿಂತಿರುಗುತ್ತದೆ.

ಕನ್ನಡಿಗರಿಗೆ ಇಲ್ಲೊಂದು ಆಸಕ್ತಿಯ ಸಂಗತಿ ಇದೆ. ನಮ್ಮ ‘ತರಬೇತಿ’ ಎಂಬ ಪದ ಅರಬ್ಬಿ ಮೂಲದ ‘ತರ್ಬಿಯತ್’ ಎಂಬುದು ಪರ್ಷಿಯನ್ ಮತ್ತು ಉರ್ದುವಿನ ದಾರಿಯಲ್ಲಿ ನಮ್ಮಲ್ಲಿಗೆ ಬಂದ ರೂಪ. ‘ತಾಲೀಮು’ ಕೂಡ ಅದೇ ದಾರಿಯ ‘ತಾಲೀಮ್’. ಆದರೆ ಇಂದಿನ ಪರ್ಷಿಯನ್ನಿನಲ್ಲಿ ‘ತರ್ಬಿಯತ್’ ಎಂದರೆ ಮುಖ್ಯವಾಗಿ ಮಕ್ಕಳನ್ನು ಬೆಳೆಸುವ ಬಗೆ, ನಡವಳಿಕೆ, ಸಂಸ್ಕಾರ. ಹಿರಿಯ ನರ್ಸ್ ಒಬ್ಬರಿಗೆ ‘ತರ್ಬಿಯತ್’ ಬೇಕೆಂದರೆ ಅದು ಅವಮಾನವಾದೀತು. ಅಲ್ಲಿ ಸಲ್ಲುವ ಪದ ‘ಆಮೂಜೆಶ್’. ಅದು ತರಬೇತಿ, ಶಿಕ್ಷಣ, ಬೋಧನೆ ಮೂರನ್ನೂ ಒಳಗೊಳ್ಳುತ್ತದೆ. ಆದ್ದರಿಂದ ‘ರೋಗಿಗೆ ನೀಡುವ ಆಮೂಜೆಶ್’ ಎಂಬ ಪ್ರಶ್ನೆಯಲ್ಲಿ ಕಲಿಸುವವರು ನರ್ಸ್, ‘ನಿಮಗೆ ಬೇಕಾದ ಆಮೂಜೆಶ್’ ಎಂಬಲ್ಲಿ ಕಲಿಯುವವರು ನರ್ಸ್. ಎರಡೂ ಪಕ್ಕಪಕ್ಕದಲ್ಲಿ ಬಂದರೆ ಗೊಂದಲ ಖಚಿತ. ವಾಕ್ಯದಲ್ಲಿ ಕಲಿಯುವವರಾರು ಎಂಬುದು ಸ್ಪಷ್ಟವಾಗಿ ಬರುವಂತೆ ಬರೆಯಬೇಕು.

ನಿಷೇಧಾರ್ಥಕ ವಾಕ್ಯಗಳನ್ನು ಆದಷ್ಟೂ ಬಿಡಿ. ಪರ್ಷಿಯನ್ನಿನಲ್ಲಿ ‘ಹೀಚ್’, ಅಂದರೆ ‘ಯಾವುದೇ’, ಎಂಬ ಪದದ ಜೊತೆಗೆ ಕ್ರಿಯಾಪದವೂ ನಿಷೇಧರೂಪದಲ್ಲಿಯೇ ಬರುತ್ತದೆ. ಅಂಥ ವಾಕ್ಯಕ್ಕೆ ‘ಒಪ್ಪುವುದಿಲ್ಲ’ ಎಂದು ಉತ್ತರಿಸಬೇಕಾದಾಗ ದಣಿದ ನರ್ಸ್ ಯಾವುದನ್ನು ಒಪ್ಪಲಿಲ್ಲ ಎಂದು ಹೇಳುವುದೇ ಕಷ್ಟ. ಪಾರಿಭಾಷಿಕ ಪದಗಳ ವಿಷಯದಲ್ಲಿಯೂ ಶುದ್ಧತೆಯ ಹಟ ಬೇಡ. ಇರಾನಿನ ಭಾಷಾ ಅಕಾಡೆಮಿ ಸೂಚಿಸಿದ ಪರ್ಷಿಯನ್ ಪದಕ್ಕಿಂತ ವಾರ್ಡಿನಲ್ಲಿ ಬಾಯಿಗೆ ಬರುವ ‘ವೆಂಟಿಲಾತೊರ್’, ‘ಸಾಕ್ಷನ್’, ‘ಆಯ್-ಸಿ-ಯು’ ಎಂಬವು ಎಲ್ಲರಿಗೂ ಒಂದೇ ಅರ್ಥ ಕೊಡುತ್ತವೆ. ಹೃದಯ-ಶ್ವಾಸ ಪುನಶ್ಚೇತನಕ್ಕೆ ಇರಾನಿನ ಆಸ್ಪತ್ರೆಗಳಲ್ಲಿ ‘ಕೋಡ್ 99’ ಎಂದು ಕರೆ ಕೊಡುತ್ತಾರೆ. ಪ್ರಶ್ನೆಯಲ್ಲಿ ಅದನ್ನೇ ಬಳಸಿದರೆ ವಿವರಣೆಯೇ ಬೇಕಿಲ್ಲ. ಪರ್ಷಿಯನ್ ಭಾಷೆಯಲ್ಲಿ ವ್ಯಾಕರಣದ ಲಿಂಗಭೇದವಿಲ್ಲ, ‘ಊ’ ಎಂಬ ಒಂದೇ ಸರ್ವನಾಮ ಅವನಿಗೂ ಅವಳಿಗೂ ಸಲ್ಲುತ್ತದೆ. ನರ್ಸ್ ಎಂದರೆ ಹೆಣ್ಣು, ವೈದ್ಯ ಎಂದರೆ ಗಂಡು ಎಂಬ ಊಹೆ ಮೂಲದಲ್ಲಿದ್ದರೂ ಅನುವಾದದಲ್ಲಿ ತಾನಾಗಿ ಕರಗಿಹೋಗುವುದು ಒಂದು ಅನುಕೂಲ.

ಲಿಪಿಯ ವಿಷಯ ಚಿಕ್ಕದೆಂದು ತೋರಿದರೂ ದತ್ತಾಂಶವನ್ನು ಕೆಡಿಸಬಲ್ಲದು. ಪರ್ಷಿಯನ್ ಬಲದಿಂದ ಎಡಕ್ಕೆ ಸಾಗುತ್ತದೆ. ಎರಡು ಅಂಕಗಳ ಕಾಲಂಗಳಲ್ಲಿ ಮೊದಲನೆಯದು ಬಲಗಡೆ ಇರಬೇಕು, ಮತ್ತು ಆನ್‌ಲೈನ್ ಫಾರಂನಿಂದ ದತ್ತಾಂಶ ಇಳಿಸಿಕೊಂಡಾಗ ಕಾಲಂಗಳ ಕ್ರಮ ತಲೆಕೆಳಗಾಗಿಲ್ಲವೆಂದು ಕೈಯಾರೆ ಪರಿಶೀಲಿಸಬೇಕು. ಅರಬ್ಬಿ ಕೀಲಿಮಣೆಯ ‘ಯ’ ಮತ್ತು ‘ಕ’ ಅಕ್ಷರಗಳಿಗೂ ಪರ್ಷಿಯನ್ ಕೀಲಿಮಣೆಯ ಅದೇ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಬೇರೆಬೇರೆ ಸಂಕೇತಗಳಿವೆ. ಕಣ್ಣಿಗೆ ಒಂದೇ ಆಗಿ ಕಾಣುವ ವಾರ್ಡಿನ ಹೆಸರು ವಿಶ್ಲೇಷಣೆಯಲ್ಲಿ ಎರಡು ವಾರ್ಡುಗಳಾಗಿ ಒಡೆಯುತ್ತದೆ. ಪರ್ಷಿಯನ್ ಲಿಪಿಯ ಸೊನ್ನೆ ಒಂದು ಚುಕ್ಕೆಯಷ್ಟೇ. ಕಾಗದದ ಮೇಲೆ ಬರೆದ 10 ವರ್ಷದ ಅನುಭವ 1 ವರ್ಷವಾಗಿ ದಾಖಲಾಗಬಲ್ಲದು. ಹುಟ್ಟಿದ ವರ್ಷವನ್ನೂ ಕೆಲಸಕ್ಕೆ ಸೇರಿದ ವರ್ಷವನ್ನೂ ನರ್ಸ್‌ಗಳು ಇರಾನಿನ ಸೌರ ಪಂಚಾಂಗದಂತೆಯೇ ಬರೆಯುತ್ತಾರೆ. ಆ ಪಂಚಾಂಗದ 1402 ನಮ್ಮ ಲೆಕ್ಕದಲ್ಲಿ 2023ರ ಮಾರ್ಚ್‌ನಿಂದ 2024ರ ಮಾರ್ಚ್‌ವರೆಗಿನ ವರ್ಷ.

ನಾಲ್ಕನೆಯ ಹಂತ: ನರ್ಸ್‌ಗಳಿಂದ ಓದಿಸಿ ಕೇಳುವುದು

ಹತ್ತು ಹದಿನೈದು ನರ್ಸ್‌ಗಳೊಂದಿಗೆ ಒಬ್ಬೊಬ್ಬರಾಗಿ ಕೂತು, ಪ್ರತಿ ಪ್ರಶ್ನೆಯನ್ನೂ ಗಟ್ಟಿಯಾಗಿ ಓದಿಸಿ, ‘ಇದರಿಂದ ನಿಮಗೆ ಏನು ಅರ್ಥವಾಯಿತು, 5 ಕೊಡುವಾಗ ಮನಸ್ಸಿನಲ್ಲಿ ಏನಿತ್ತು’ ಎಂದು ಕೇಳಿ. ಈ ಮಾತುಕತೆಯಲ್ಲಿ ಹೊರಬೀಳುವುದನ್ನು ಯಾವ ಸೂತ್ರವೂ ಹೊರತೆಗೆಯಲಾರದು. ಇರಾನಿನಲ್ಲಿ ‘ತಾರೋಫ್’ ಎಂಬ ವಿನಯದ ರೂಢಿ ಬಹಳ ಆಳವಾದದ್ದು. ತನ್ನನ್ನು ತಾನು ಕಿರಿದು ಮಾಡಿಕೊಂಡು ಹೇಳುವ ‘ಶೆಕಸ್ತೆ-ನಫ್ಸಿ’ ಸದ್ಗುಣವೆನಿಸಿಕೊಂಡಿದೆ. ಹತ್ತು ವರ್ಷ ವೆಂಟಿಲೇಟರ್ ನೋಡಿಕೊಂಡವರು ಸ್ವಸಾಮರ್ಥ್ಯಕ್ಕೆ 7ರಲ್ಲಿ 4 ಕೊಟ್ಟು ಸುಮ್ಮನಾಗಬಹುದು. ಇನ್ನೊಂದು ಕಡೆ, ಈ ಕಾಗದ ತನ್ನ ವಾರ್ಷಿಕ ಮೌಲ್ಯಮಾಪನಕ್ಕೆ ಸೇರೀತು ಎಂಬ ಅನುಮಾನವಿದ್ದರೆ ಎಲ್ಲಕ್ಕೂ 7 ಬರುತ್ತದೆ. ‘ನಾನು ಚೆನ್ನಾಗಿ ಮಾಡುತ್ತೇನೆ’ ಎಂಬ ಹೊಗಳಿಕೆಯ ಮಾತಿನ ಬದಲು ‘ಬೇರೆಯವರ ನೆರವಿಲ್ಲದೆ ಈ ಕೆಲಸವನ್ನು ಮಾಡಬಲ್ಲೆ’ ಎಂಬ ನೋಡಿ ಹೇಳಬಹುದಾದ ಮಾತನ್ನು ಇಟ್ಟರೆ ಎರಡೂ ತೊಂದರೆಗಳು ಕಡಿಮೆಯಾಗುತ್ತವೆ.

ಓದಿಸುವವರನ್ನು ಒಂದೇ ನಗರದಿಂದ ಆರಿಸಬೇಡಿ. ತಬ್ರೀಜ್‌ನಲ್ಲಿ ಮನೆಮಾತು ಅಜೆರ್ಬೈಜಾನಿ ತುರ್ಕಿ, ಸನಂದಜ್‌ನಲ್ಲಿ ಕುರ್ದಿಷ್, ಜಾಹೆದಾನ್ ಕಡೆ ಬಲೂಚಿ, ಅಹ್ವಾಜ್‌ನ ಹಲವರಿಗೆ ಅರಬ್ಬಿ. ಇವರೆಲ್ಲ ಪರ್ಷಿಯನ್ ಮಾಧ್ಯಮದಲ್ಲಿಯೇ ಓದಿದವರಾದರೂ ಮಾತಿನ ಸೂಕ್ಷ್ಮಗಳು ಟೆಹ್ರಾನಿನವರಿಗೆ ಕೇಳಿಸಿದಂತೆಯೇ ಕೇಳಿಸುತ್ತವೆ ಎಂದು ಊಹಿಸಲಾಗದು. ಬೆಂಗಳೂರಿನ ಆಸ್ಪತ್ರೆಗಳಲ್ಲಿ ಮಲಯಾಳಂ ಮನೆಮಾತಿನ ನರ್ಸ್‌ಗಳು ಎಷ್ಟೊಂದು ಮಂದಿ ಇದ್ದಾರೆಂದು ಬಲ್ಲವರಿಗೆ, ಇಂಥ ಪ್ರಶ್ನಾವಳಿಯ ಕನ್ನಡ ರೂಪ ಮಾಡುವಾಗಲೂ ಇದೇ ಪ್ರಶ್ನೆ ಎದುರಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಇರಾನಿನ ಸಂಶೋಧಕರು ಈ ಹಂತದಲ್ಲಿ ಪ್ರಭಾವದ ಅಂಕ ಎಂಬುದೊಂದನ್ನು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಪ್ರಶ್ನೆ ಎಷ್ಟು ಮುಖ್ಯ ಎಂಬುದಕ್ಕೆ 5ರ ಮಾಪಕದಲ್ಲಿ 4 ಅಥವಾ 5 ಕೊಟ್ಟವರ ಪಾಲನ್ನು ಸರಾಸರಿ ಅಂಕದಿಂದ ಗುಣಿಸಿದಾಗ 1.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆ ಪ್ರಶ್ನೆ ಉಳಿಯುತ್ತದೆ. ಅರ್ಧದಷ್ಟು ಜನ ಮುಖ್ಯವೆಂದು, ಸರಾಸರಿ 3 ಬಂದರೆ ಗಡಿ ದಾಟಿದಂತಾಯಿತು. ಗಡಿ ಸಡಿಲವಾದದ್ದು, ಹಾಗಾಗಿ ಇದನ್ನು ನೆರವಾಗಿ ಮಾತ್ರ ಬಳಸಿ.

ಐದನೆಯ ಹಂತ: ತಜ್ಞರ ಸಮಿತಿ

ಸಮಿತಿಯಲ್ಲಿ ಹತ್ತು ಮಂದಿ ಇದ್ದರೆ ಲೆಕ್ಕಕ್ಕೂ ಚರ್ಚೆಗೂ ಅನುಕೂಲ. ತೀವ್ರ ನಿಗಾದಲ್ಲಿ ದೀರ್ಘ ಅನುಭವವುಳ್ಳ ನರ್ಸ್‌ಗಳು, ಆ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದ ಅಧ್ಯಾಪಕರು, ಶಿಕ್ಷಣ ಮೇಲ್ವಿಚಾರಕರು, ಒಬ್ಬ ಅರಿವಳಿಕೆ ಅಥವಾ ತೀವ್ರ ನಿಗಾ ವೈದ್ಯರು, ಪ್ರಶ್ನಾವಳಿ ರಚನೆ ಬಲ್ಲ ಒಬ್ಬರು ಇರಲಿ. ಸಮಿತಿಯನ್ನು ಕೇವಲ ಪ್ರಾಧ್ಯಾಪಕರಿಂದ ತುಂಬಿದರೆ ಪ್ರಶ್ನೆಗಳು ಪಠ್ಯಪುಸ್ತಕದ ಪರಿವಿಡಿಯಂತಾಗುತ್ತವೆ.

ಅವರಿಗೆ ಎರಡು ಪ್ರಶ್ನೆ ಕೇಳಬೇಕು. ಇದು ಅತ್ಯಗತ್ಯವೇ ಎಂಬುದು ಮೊದಲನೆಯದು. ಅಮೆರಿಕದ ಸಿ. ಎಚ್. ಲಾಷಿ 1975ರಲ್ಲಿ ಕೊಟ್ಟ ವಿಷಯ ಸಿಂಧುತ್ವ ಅನುಪಾತ ಇದರಿಂದ ಬರುತ್ತದೆ: ‘ಅತ್ಯಗತ್ಯ’ ಎಂದವರ ಸಂಖ್ಯೆಯಿಂದ ಸಮಿತಿಯ ಅರ್ಧ ಸಂಖ್ಯೆಯನ್ನು ಕಳೆದು, ಅದೇ ಅರ್ಧ ಸಂಖ್ಯೆಯಿಂದ ಭಾಗಿಸಬೇಕು. ಹತ್ತು ತಜ್ಞರಿಗೆ ಲಾಷಿಯ ಕೋಷ್ಟಕದ ಕನಿಷ್ಠ ಮಿತಿ 0.62. ಎಂಟು ಜನ ಒಪ್ಪಿದರೆ ಬರುವುದು 0.60, ಅಂದರೆ ಕೂದಲೆಳೆಯಲ್ಲಿ ಸೋಲು. ಒಂಬತ್ತು ಜನ ಒಪ್ಪಿದರೆ 0.80. ಎಂಟು ತಜ್ಞರಿದ್ದರೆ ಮಿತಿ 0.75, ಹದಿನೈದು ಮಂದಿ ಇದ್ದರೆ 0.49.

ಇದು ವಿಷಯಕ್ಕೆ ಎಷ್ಟು ಸಂಬಂಧಿಸಿದೆ ಎಂಬುದು ಎರಡನೆಯ ಪ್ರಶ್ನೆ. 4 ಅಂಕಗಳ ಮಾಪಕದಲ್ಲಿ 3 ಅಥವಾ 4 ಕೊಟ್ಟವರ ಪಾಲೇ ಆ ಪ್ರಶ್ನೆಯ ವಿಷಯ ಸಿಂಧುತ್ವ ಸೂಚ್ಯಂಕ. ಆರು ಅಥವಾ ಹೆಚ್ಚು ತಜ್ಞರಿದ್ದಾಗ 0.78ಕ್ಕಿಂತ ಕಡಿಮೆಯಾಗಬಾರದೆಂಬುದು 1986ರಲ್ಲಿ ಮೇರಿ ಲಿನ್ ಅವರ ಬರಹದಿಂದ ಬಂದ ಒಪ್ಪಿತ ಗಡಿ. ಇಡೀ ಪ್ರಶ್ನಾವಳಿಯ ಸರಾಸರಿ ಸೂಚ್ಯಂಕ 0.90 ತಲುಪಬೇಕೆಂದು ಡೆನಿಸ್ ಪೊಲಿಟ್ ಮತ್ತು ಶೆರಿಲ್ ಬೆಕ್ 2006ರಲ್ಲಿ ಸೂಚಿಸಿದರು. ತಜ್ಞರ ಒಪ್ಪಿಗೆ ಆಕಸ್ಮಿಕವೂ ಇರಬಹುದಾದ್ದರಿಂದ ಆಕಸ್ಮಿಕದ ಪಾಲನ್ನು ತೆಗೆದು ಲೆಕ್ಕ ಹಾಕುವ ‘ತಿದ್ದಿದ ಕಪ್ಪಾ’ ಎಂಬುದನ್ನೂ ಕೊಡುವುದು ಒಳ್ಳೆಯದು: ಹತ್ತರಲ್ಲಿ ಎಂಟು ಮಂದಿ ಒಪ್ಪಿದ್ದರೆ ಸೂಚ್ಯಂಕ 0.80, ಕಪ್ಪಾ 0.79, ಐದರಲ್ಲಿ ನಾಲ್ವರು ಒಪ್ಪಿದ್ದರೆ ಸೂಚ್ಯಂಕ ಅದೇ 0.80 ಆದರೂ ಕಪ್ಪಾ 0.76ಕ್ಕೆ ಇಳಿಯುತ್ತದೆ. ಸಮಿತಿ ಚಿಕ್ಕದಾದಷ್ಟೂ ಆಕಸ್ಮಿಕದ ಪಾಲು ಹೆಚ್ಚು ಎಂಬುದನ್ನು ಈ ಇಳಿಕೆ ತೋರಿಸುತ್ತದೆ.

ಪ್ರಶ್ನೆಗಳನ್ನು ಅಳಿಸುವುದಕ್ಕೆ ಮುನ್ನ ತಜ್ಞರ ಬರಹದ ಟಿಪ್ಪಣಿಗಳನ್ನು ಓದಿ. ‘ಅತ್ಯಗತ್ಯವಲ್ಲ’ ಎಂದವರು ಕೆಲವೊಮ್ಮೆ ಕೌಶಲವನ್ನಲ್ಲ, ವಾಕ್ಯವನ್ನು ನಿರಾಕರಿಸಿರುತ್ತಾರೆ. ಮತ್ತು ‘ಏನಾದರೂ ಬಿಟ್ಟುಹೋಗಿದೆಯೇ’ ಎಂಬ ಪ್ರಶ್ನೆಯನ್ನು ಅವರಿಗೆ ಕೇಳಲೇಬೇಕು. ಇದ್ದದ್ದಕ್ಕೆ ಅಂಕ ಕೊಡುವ ಸೂತ್ರಗಳು ಇಲ್ಲದ್ದನ್ನು ಕಾಣಲಾರವು. ತಜ್ಞರ ಸಹಿ ಇರುವ ಪ್ರಮಾಣಪತ್ರವನ್ನು ಮಾತ್ರ ಪಡೆದು ಅನುಬಂಧದಲ್ಲಿ ಸೇರಿಸುವುದನ್ನು ನಮ್ಮ ನರ್ಸಿಂಗ್ ಕಾಲೇಜುಗಳ ಪ್ರಬಂಧಗಳಲ್ಲಿಯೂ ಕಾಣುತ್ತೇವೆ. ಸಹಿ ಒಂದು ಸೌಜನ್ಯ, ಅದು ಸಾಕ್ಷ್ಯವಲ್ಲ.

ಆರನೆಯ ಹಂತ: ಕ್ಷೇತ್ರಕ್ಕೆ ಇಳಿಯುವುದು

ವೈದ್ಯಕೀಯ ವಿಜ್ಞಾನಗಳ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಅನುಮೋದನೆ ಸಂಖ್ಯೆ ಇಲ್ಲದೆ ಇರಾನಿನಲ್ಲಿ ಈ ಕೆಲಸ ಆರಂಭವಾಗದು. ಸಂಖ್ಯೆಯ ವಿಷಯದಲ್ಲಿ ಪ್ರತಿ ಪ್ರಶ್ನೆಗೆ 5ರಿಂದ 10 ಮಂದಿ ಎಂಬುದು ರೂಢಿಯ ಲೆಕ್ಕ. 300 ಒಳ್ಳೆಯದು, 500 ಬಹಳ ಒಳ್ಳೆಯದು ಎಂಬ ಅಳತೆಯನ್ನು ಕಾಮ್ರಿ ಮತ್ತು ಲೀ 1992ರಲ್ಲಿ ಕೊಟ್ಟಿದ್ದಾರೆ. ಫ್ಯಾಕ್ಟರುಗಳನ್ನು ಹುಡುಕುವುದಕ್ಕೆ ಒಂದು ಮಾದರಿ, ಕಂಡದ್ದನ್ನು ದೃಢಪಡಿಸುವುದಕ್ಕೆ ಬೇರೆಯೇ ಮಾದರಿ ಬೇಕು. ಒಂದೇ ದತ್ತಾಂಶದಲ್ಲಿ ಹುಡುಕಿ ಅಲ್ಲಿಯೇ ದೃಢಪಡಿಸುವುದು ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದಿಕೊಂಡಂತೆ.

ಮಾದರಿಯಲ್ಲಿ ಪದವಿಯ ನಂತರದ ಕಡ್ಡಾಯ ಸೇವೆಯಲ್ಲಿರುವ ‘ತರ್ಹಿ’ ನರ್ಸ್‌ಗಳು, ಗುತ್ತಿಗೆಯವರು, ಕಾಯಂ ಆದವರು ಮೂವರೂ ಬರಬೇಕು, ಏಕೆಂದರೆ ಅವರ ಅಗತ್ಯಗಳೂ ಧೈರ್ಯವೂ ಬೇರೆಬೇರೆ. ಮಾರ್ಚ್ 20ರ ಸುಮಾರಿಗೆ ಬರುವ ನೌರೂಜ್ (ಇರಾನಿನ ಹೊಸ ವರ್ಷ) ಹಬ್ಬದ ಎರಡು ವಾರ ವಾರ್ಡುಗಳಲ್ಲಿ ಜನ ಕಡಿಮೆ, ಇದ್ದವರಿಗೆ ಕೆಲಸ ಹೆಚ್ಚು. ಆ ದಿನಗಳನ್ನು ಬಿಡಿ. ಆನ್‌ಲೈನ್ ಆದರೆ ‘ಪೊರ್ಸ್‌ಲೈನ್’ ಎಂಬ ಇರಾನಿನದೇ ಸಮೀಕ್ಷಾ ವೇದಿಕೆ ಬಳಕೆಯಲ್ಲಿದೆ. ಕಾಗದದ ಪ್ರತಿಯಾದರೆ ಮುಚ್ಚಿದ ಪೆಟ್ಟಿಗೆಯೊಂದನ್ನು ಇಡಿ. ಸರ್‌ಪರಸ್ತಾರ್ ಕೈಯಿಂದ ಹಂಚಿ ಅವರ ಕೈಯಿಂದಲೇ ಮರಳಿ ಪಡೆದ ಪ್ರಶ್ನಾವಳಿಯ ಮೇಲೆ ನನಗೆ ನಂಬಿಕೆಯಿಲ್ಲ.

ಏಳನೆಯ ಹಂತ: ರಚನಾ ಸಿಂಧುತ್ವ

ಮೊದಲ ಹಂತದಲ್ಲಿ ಬರೆದಿಟ್ಟ ಅರ್ಥಕ್ಕೆ ಹೊಂದುವಂತೆ ಅಂಕಗಳು ನಡೆದುಕೊಳ್ಳುತ್ತವೆಯೇ ಎಂಬುದೇ ರಚನಾ ಸಿಂಧುತ್ವದ ಪ್ರಶ್ನೆ. ಮೊದಲು ಪ್ರತಿ ಪ್ರಶ್ನೆಗೆ ಬಂದ ಅಂಕಗಳ ಹಂಚಿಕೆಯನ್ನು ಕಣ್ಣಿನಿಂದ ನೋಡಿ. ತೀವ್ರ ನಿಗಾದಲ್ಲಿ ಎಲ್ಲವೂ ಮುಖ್ಯವೇ ಆದ್ದರಿಂದ ಮುಖ್ಯತೆಯ ಅಂಕಗಳು 6 ಮತ್ತು 7ರಲ್ಲಿ ಗುಂಪುಗೂಡುವುದು ಸಹಜ. ಒಟ್ಟು ಅಂಕದಲ್ಲಿ ಶೇ. 15ಕ್ಕಿಂತ ಹೆಚ್ಚು ಮಂದಿ ಗರಿಷ್ಠ ಮಿತಿಯಲ್ಲಿಯೇ ಕುಳಿತಿದ್ದರೆ ಅದನ್ನು ಮೇಲ್ಚಾವಣಿಯ ಪರಿಣಾಮ ಎನ್ನುತ್ತಾರೆ. ಇಂಥ ವಾಲಿದ ಅಂಕಗಳಿಗೆ ಸಾಮಾನ್ಯ ಸಹಸಂಬಂಧಕ್ಕಿಂತ (ಎರಡು ಅಂಕಗಳು ಒಟ್ಟಿಗೆ ಏರಿಳಿಯುವ ಪ್ರಮಾಣ) ಶ್ರೇಣಿಯ ಅಂಕಗಳಿಗೆಂದೇ ಇರುವ ಪಾಲಿಕೋರಿಕ್ ಸಹಸಂಬಂಧ ಸೂಕ್ತ. ‘ಆರ್’ ಎಂಬ ಅಂಕಿಅಂಶ ತಂತ್ರಾಂಶದ ‘ಸೈಕ್’ ಮತ್ತು ‘ಲಾವಾನ್’ ಪ್ಯಾಕೇಜುಗಳಲ್ಲಿ ಇದು ಉಚಿತವಾಗಿ ದೊರೆಯುತ್ತದೆ.

ಮಾದರಿ ಸಾಕೇ ಎಂದು ನೋಡುವ ಕೆಎಂಒ ಅಳತೆ 0.80 ದಾಟಿರಲಿ, ಪ್ರಶ್ನೆಗಳ ನಡುವೆ ಸಂಬಂಧವಿದೆಯೇ ಎಂದು ನೋಡುವ ಬಾರ್ಟ್ಲೆಟ್ ಪರೀಕ್ಷೆಯಲ್ಲಿ ಇದೆ ಎಂಬ ಫಲ ಬರಲಿ. ಫ್ಯಾಕ್ಟರುಗಳ ಸಂಖ್ಯೆಯನ್ನು ‘ಐಗನ್ ಮೌಲ್ಯ ಒಂದಕ್ಕಿಂತ ಹೆಚ್ಚು’ ಎಂಬ ಹಳೆಯ ನಿಯಮದಿಂದ (ಐಗನ್ ಮೌಲ್ಯವೆಂದರೆ ಒಂದು ಫ್ಯಾಕ್ಟರ್ ಅಂಕಗಳ ವ್ಯತ್ಯಾಸವನ್ನು ಎಷ್ಟು ವಿವರಿಸುತ್ತದೆ ಎಂಬ ಅಳತೆ) ಮಾತ್ರ ತೀರ್ಮಾನಿಸಬೇಡಿ, ಅದು ಬೇಕಾದ್ದಕ್ಕಿಂತ ಹೆಚ್ಚು ಫ್ಯಾಕ್ಟರುಗಳನ್ನು ಕೊಡುತ್ತದೆ. ಜಾನ್ ಹಾರ್ನ್ 1965ರಲ್ಲಿ ಸೂಚಿಸಿದ ಸಮಾಂತರ ವಿಶ್ಲೇಷಣೆಯು ಯಾದೃಚ್ಛಿಕ ದತ್ತಾಂಶದೊಂದಿಗೆ ಹೋಲಿಸುವುದರಿಂದ ಹೆಚ್ಚು ನಂಬಿಕೆಗೆ ಅರ್ಹ. ನರ್ಸಿಂಗ್ ಕೌಶಲಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಫ್ಯಾಕ್ಟರುಗಳ ನಡುವೆ ಸಂಬಂಧವನ್ನು ಒಪ್ಪುವ ಪ್ರೊಮ್ಯಾಕ್ಸ್ ಅಥವಾ ಆಬ್ಲಿಮಿನ್ ತಿರುಗಿಸುವಿಕೆ (ಫ್ಯಾಕ್ಟರುಗಳನ್ನು ಓದಲು ಸುಲಭವಾಗುವಂತೆ ಹೊಂದಿಸುವ ಲೆಕ್ಕ) ಬೇಕು. ಭಾರ, ಅಂದರೆ ಫ್ಯಾಕ್ಟರಿನೊಂದಿಗಿನ ನಂಟು, 0.40ಕ್ಕಿಂತ ಕಡಿಮೆ ಇರುವ, ಅಥವಾ ಎರಡು ಕಡೆ ಸಮನಾಗಿ ವಾಲುವ ಪ್ರಶ್ನೆಗಳನ್ನು ಮರುಪರಿಶೀಲಿಸಿ. ಆದರೆ ಮಿದುಳು ಸಾವಿನ ಗುರುತಿಸುವಿಕೆಯಂಥ ಪ್ರಶ್ನೆ ಯಾವ ಫ್ಯಾಕ್ಟರಿಗೂ ಸೇರದೆ ನಿಂತರೆ ಅದನ್ನು ಅಳಿಸಬೇಡಿ. ಬಿಡಿ ಪ್ರಶ್ನೆಯಾಗಿಯೇ ಉಳಿಸಿ. ಸೂತ್ರದ ಅಚ್ಚುಕಟ್ಟಿಗಾಗಿ ಜೀವಕ್ಕೆ ಸಂಬಂಧಿಸಿದ ಕೌಶಲವೊಂದನ್ನು ತರಬೇತಿಯ ಪಟ್ಟಿಯಿಂದ ಬಿಡುವುದು ಸಲ್ಲದು.

ಎರಡನೆಯ ಮಾದರಿಯಲ್ಲಿ ದೃಢೀಕರಣ ವಿಶ್ಲೇಷಣೆ ಮಾಡಿದಾಗ, ರಚನೆ ದತ್ತಾಂಶಕ್ಕೆ ಎಷ್ಟು ಹೊಂದುತ್ತದೆಂದು ಹೇಳುವ ಎರಡು ಅಳತೆಗಳಲ್ಲಿ ಆರ್‌ಎಂಎಸ್‌ಇಎ 0.08ಕ್ಕಿಂತ ಕಡಿಮೆ, ಸಿಎಫ್‌ಐ 0.90ಕ್ಕಿಂತ ಹೆಚ್ಚು ಎಂಬುದು ಸಾಮಾನ್ಯ ಗಡಿ; ಹೂ ಮತ್ತು ಬೆಂಟ್ಲರ್ 1999ರಲ್ಲಿ ಹೇಳಿದ 0.06 ಮತ್ತು 0.95 ಹೆಚ್ಚು ಕಠಿಣ.

ಇದಕ್ಕಿಂತ ನನಗೆ ಹೆಚ್ಚು ಮನವರಿಕೆ ಮಾಡುವುದು ಗೊತ್ತಿರುವ ಗುಂಪುಗಳ ಹೋಲಿಕೆ. ಒಂದು ವರ್ಷ ತುಂಬದ ತರ್ಹಿ ನರ್ಸ್‌ಗಳ ವೆಂಟಿಲೇಟರ್ ಅಂತರ, ಹತ್ತು ವರ್ಷದವರ ಅಂತರಕ್ಕಿಂತ ದೊಡ್ಡದಾಗಿ ಬರದಿದ್ದರೆ ಪ್ರಶ್ನಾವಳಿ ಏನನ್ನೋ ಬೇರೆಯದನ್ನು ಅಳೆಯುತ್ತಿದೆ. ಸಾಧ್ಯವಾದರೆ ಒಂದು ಚಿಕ್ಕ ಗುಂಪಿನಲ್ಲಿ ಪ್ರತ್ಯಕ್ಷ ಪರೀಕ್ಷೆಯನ್ನೂ ನಡೆಸಿ: ರಕ್ತದ ಅನಿಲ ಪರೀಕ್ಷೆಯ ಐದು ವರದಿಗಳನ್ನು ಓದಿಸಿ, ಆ ಅಂಕವನ್ನು ಅವರು ತಮಗೆ ಕೊಟ್ಟುಕೊಂಡ ಅಂಕದೊಂದಿಗೆ ಹೋಲಿಸಿ. ಸ್ವಮೌಲ್ಯಮಾಪನವೂ ಕೈಕೆಲಸವೂ ಎಷ್ಟು ದೂರ ಎಂದು ಇದರಿಂದ ತಿಳಿಯುತ್ತದೆ.

ಎಂಟನೆಯ ಹಂತ: ವಿಶ್ವಾಸಾರ್ಹತೆ

ವಿಶ್ವಾಸಾರ್ಹತೆ ಎಂದರೆ ಅಳತೆ ಎಷ್ಟು ಸ್ಥಿರ ಎಂಬುದು. ಪ್ರತಿ ಫ್ಯಾಕ್ಟರಿಗೂ ಕ್ರೋನ್‌ಬ್ಯಾಕ್ ಆಲ್ಫಾ ಮತ್ತು ಅದೇ ಬಗೆಯ ಇನ್ನೊಂದು ಅಳತೆಯಾದ ಒಮೇಗಾ ಎರಡನ್ನೂ ಕೊಡಿ, 0.70 ದಾಟಿರಬೇಕು, ಆದರೆ 0.95ನ್ನು ಮೀರಿದರೆ ಒಂದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಮತ್ತೆ ಕೇಳಿದ್ದೀರೆಂದು ಸಂಶಯಪಡಿ. ಎರಡು ವಾರಗಳ ಅಂತರದಲ್ಲಿ ಕನಿಷ್ಠ 50 ನರ್ಸ್‌ಗಳಿಂದ ಮತ್ತೆ ಭರ್ತಿ ಮಾಡಿಸಿ, ಎರಡು ಬಾರಿಯ ಅಂಕಗಳು ಎಷ್ಟು ಹೊಂದುತ್ತವೆಂದು ಹೇಳುವ ಐಸಿಸಿ ಎಂಬ ಅಳತೆಯನ್ನು ಅದರ ವಿಶ್ವಾಸ ಮಿತಿಗಳೊಂದಿಗೆ ವರದಿ ಮಾಡಿ. ನಡುವೆ ತರಗತಿ ನಡೆದಿರಬಾರದು.

ಅಂತರದ ಅಂಕಕ್ಕೆ ವಿಶೇಷ ಎಚ್ಚರಿಕೆ ಬೇಕು. ಎರಡು ಅಂಕಗಳ ವ್ಯತ್ಯಾಸದ ವಿಶ್ವಾಸಾರ್ಹತೆ ಅವುಗಳ ವಿಶ್ವಾಸಾರ್ಹತೆಗಿಂತ ಸಾಮಾನ್ಯವಾಗಿ ಕಡಿಮೆ. ಎರಡರ ವಿಶ್ವಾಸಾರ್ಹತೆಯ ಸರಾಸರಿಯಿಂದ ಅವುಗಳ ನಡುವಿನ ಸಹಸಂಬಂಧವನ್ನು ಕಳೆದು, ಒಂದರಿಂದ ಅದೇ ಸಹಸಂಬಂಧವನ್ನು ಕಳೆದ ಮೊತ್ತದಿಂದ ಭಾಗಿಸಿದರೆ ಇದು ಸಿಗುತ್ತದೆ. ಎರಡು ಅಂಕಗಳ ಹರವು ಸುಮಾರು ಒಂದೇ ಇದ್ದಾಗ ಈ ಲೆಕ್ಕ ಸಲ್ಲುತ್ತದೆ. ಮುಖ್ಯತೆಗೂ ಸಾಮರ್ಥ್ಯಕ್ಕೂ ತಲಾ 0.85 ಇದ್ದು, ಸಹಸಂಬಂಧ 0.50 ಇದ್ದರೆ ಅಂತರಕ್ಕೆ 0.70 ಸಿಗುತ್ತದೆ. ಸಹಸಂಬಂಧ 0.70ಕ್ಕೆ ಏರಿದರೆ ಅಂತರಕ್ಕೆ ಉಳಿಯುವುದು 0.50 ಮಾತ್ರ. ಎರಡು ಆಲ್ಫಾಗಳನ್ನು ಕೊಟ್ಟು, ತೀರ್ಮಾನವನ್ನೆಲ್ಲ ಅಂತರದ ಮೇಲೆ ಕಟ್ಟುವವರು ಈ ಲೆಕ್ಕವನ್ನೂ ಓದುಗರ ಮುಂದೆ ಇಡಬೇಕು.

ಅಳತೆಯ ದೋಷವನ್ನೂ ಹೇಳಿ. ಅಂಕಗಳ ಹರವನ್ನು ಹೇಳುವ ಮಾನಕ ವಿಚಲನೆ 0.8, ಐಸಿಸಿ 0.84 ಆದರೆ ಅಳತೆಯ ಮಾನಕ ದೋಷ 0.32, ಒಬ್ಬ ನರ್ಸಿನ ಅಂಕದಲ್ಲಿ ಸುಮಾರು 0.89ಕ್ಕಿಂತ ಕಡಿಮೆ ಬದಲಾವಣೆಯನ್ನು ತರಬೇತಿಯ ಫಲವೆನ್ನಲಾಗದು. ಗುಂಪಿನ ಸರಾಸರಿಯಲ್ಲಿ ಇದಕ್ಕಿಂತ ಚಿಕ್ಕ ಬದಲಾವಣೆಯೂ ಅರ್ಥವುಳ್ಳದ್ದಾಗಬಹುದು. ತರಗತಿಗಳನ್ನು ಯೋಜಿಸುವುದು ಗುಂಪಿಗಾದ್ದರಿಂದ ಇದು ನೆನಪಿನಲ್ಲಿರಲಿ.

ಒಂಬತ್ತನೆಯ ಹಂತ: ಬರೆದು ಒಪ್ಪಿಸುವುದು

ನೆದರ್‌ಲ್ಯಾಂಡ್ಸ್‌ನಲ್ಲಿ ರೂಪುಗೊಂಡು 2010ರಲ್ಲಿ ಪ್ರಕಟವಾದ ಕಾಸ್ಮಿನ್ ಪರಿಶೀಲನಾ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ವರದಿ ಬರೆಯಿರಿ. ಆರೋಗ್ಯ ಮಾಪಕಗಳಿಗೆಂದು ಮಾಡಿದ ಪಟ್ಟಿಯಾದರೂ ಅದರ ಬಹುಭಾಗ ಇಲ್ಲಿಗೂ ಹೊಂದುತ್ತದೆ. ಅಳಿಸಿದ ಪ್ರತಿ ಪ್ರಶ್ನೆಯನ್ನೂ, ಯಾವ ಹಂತದಲ್ಲಿ, ಯಾವ ಕಾರಣಕ್ಕೆ ಅಳಿಸಲಾಯಿತು ಎಂಬುದರೊಂದಿಗೆ ಕೋಷ್ಟಕದಲ್ಲಿ ಕೊಡಿ. ಅಂತಿಮ ಪರ್ಷಿಯನ್ ಪಾಠವನ್ನು ಪೂರ್ತಿಯಾಗಿ, ಆವೃತ್ತಿಯ ಸಂಖ್ಯೆ ಮತ್ತು ವರ್ಷದ ಸಮೇತ, ಅನುಬಂಧದಲ್ಲಿ ಇಡಿ. ಇಂಗ್ಲಿಷ್ ಅನುವಾದವನ್ನು ಮಾತ್ರ ಪ್ರಕಟಿಸಿದರೆ ಟೆಹ್ರಾನಿನ ಮೇಲ್ವಿಚಾರಕರೂ ಮಶ್ಹದ್‌ನ ಸಂಶೋಧಕರೂ ಅದನ್ನು ಮತ್ತೆ ತಮ್ಮತಮ್ಮಂತೆ ಪರ್ಷಿಯನ್ನಿಗೆ ತಿರುಗಿಸಿಕೊಳ್ಳುತ್ತಾರೆ, ನೀವು ಪರೀಕ್ಷಿಸಿದ ವಾಕ್ಯಗಳು ಯಾರ ಕೈಗೂ ಸೇರುವುದಿಲ್ಲ.

ಶಿಕ್ಷಣ ಮೇಲ್ವಿಚಾರಕರಿಗೆಂದು ಬೇರೆಯಾಗಿ ಎರಡು ಪುಟಗಳ ಸೂಚನೆ ಬರೆಯಿರಿ. ಅಂಕಗಳನ್ನು ಹೇಗೆ ಕಳೆಯಬೇಕು, ಮುಖ್ಯತೆಯೂ ಅಂತರವೂ ಎರಡೂ ದೊಡ್ಡದಾಗಿರುವ ಕೌಶಲಗಳನ್ನು ಮೊದಲು ಹೇಗೆ ಆರಿಸಬೇಕು, ಅಂತರ ಋಣವಾಗಿ ಬಂದರೆ ಅದನ್ನು ಹೇಗೆ ಓದಬೇಕು ಎಂಬುದು ಅದರಲ್ಲಿರಲಿ. ಹೆಸರಿಲ್ಲದೆ ಭರ್ತಿ ಮಾಡಿದ ಈ ಕಾಗದವನ್ನು ಯಾವ ನರ್ಸಿನ ವಾರ್ಷಿಕ ಮೌಲ್ಯಮಾಪನಕ್ಕೂ ಬಳಸತಕ್ಕದ್ದಲ್ಲ ಎಂಬ ವಾಕ್ಯವನ್ನು ಮೊದಲ ಪುಟದ ಮೇಲ್ಭಾಗದಲ್ಲಿ, ನರ್ಸ್‌ಗಳ ಕೈಗೆ ಹೋಗುವ ಪ್ರತಿಯಲ್ಲಿಯೂ ಕಾಣುವಂತೆ, ಮುದ್ರಿಸಿ.